ಮನೆಯ ಕಡೆಗೆ ತೆರೆದ ಕಿಂಡಿ

ಐನಾರ್ ಹಕಾಲಾ ಬೇಟೆಗೆ ಅಡಗಿ ಕೂರುವ ಮರೆಯನ್ನು ತಪ್ಪು ದಿಕ್ಕಿಗೆ ಕಟ್ಟುತ್ತಿದ್ದ.

ಅವನ ಹಳೇ ಗೆಳೆಯ ಆರ್ವಿಲ್‌ಗೆ ಇದು ಬಂದ ದಿನವೇ ಕಣ್ಣಿಗೆ ಬಿತ್ತು. ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ಹೊತ್ತಿಗೆ ಅವನು ಪಟ್ಟಣದಿಂದ ಮಿಷಿಗನ್ನಿನ ಈ ಕಾಡಿಗೆ ಬರುವುದು ಯೌವನದಿಂದ ಬಂದ ರೂಢಿ. ಹೋದ ವರ್ಷ ಮಾತ್ರ ಮಂಡಿಯ ಶಸ್ತ್ರಚಿಕಿತ್ಸೆಯಿಂದಾಗಿ ತಪ್ಪಿತ್ತು. ಜಿಂಕೆಗಳ ಜಾಡು ಇರುವುದು ದಿಬ್ಬದ ಆಚೆ, ಜೌಗಿನ ಅಂಚಿನಲ್ಲಿ. ಐನಾರ್ ಕೂತಿದ್ದು ಈಚೆ. ಮರೆಯ ಕಿಂಡಿ ಅವನದೇ ಮನೆಯ ಅಡುಗೆಮನೆಯ ಕಡೆಗೆ ತೆರೆದಿತ್ತು.

ನಲ್ಲಿಗೆ ಹಾಕುವ ಸಣ್ಣ ಪ್ಲಾಸ್ಟಿಕ್ ಪೈಪುಗಳನ್ನು ಕೊಯ್ದು, ಮೂಲೆಗಳಲ್ಲಿ ಒಂದಕ್ಕೊಂದು ಸಿಕ್ಕಿಸಿ ಚೌಕಟ್ಟು ಮಾಡಿದ್ದ. ಕೆಸರು ಬಳಿದ ಗೋಣಿಬಟ್ಟೆಯನ್ನು ಅದಕ್ಕೆ ಹೊದಿಸಿ, ಒಣಗಿದ ಜರೀಗಿಡಗಳನ್ನು ಕಟ್ಟುತ್ತಿದ್ದ.

"ಅಂಟು ಹಾಕಲ್ವೇನೋ?" ಆರ್ವಿಲ್ ಕೇಳಿದ.

"ಬೇಡ. ಬಿಚ್ಚಿ ಹೊತ್ಕೊಂಡು ಹೋಗೋ ಹಾಗಿರ್ಬೇಕು. ಬೆಳಿಗ್ಗೆ ಇಲ್ಲಿ, ಸಂಜೆ ಆ ಕಡೆ."

ಆ ಕಡೆಯಿಂದ ಕಾಣುವುದು ಮನೆಯ ಜಗುಲಿ. ಅಂಗಳದಲ್ಲಿ ಯಾರದೋ ಹೊಸ ಟ್ರಕ್ಕು ನಿಂತಿತ್ತು.

"ಲೆಂಪಿ ಹೇಗಿದ್ದಾಳೆ?"

"ನಗ್ತಾಳೆ," ಎಂದ ಐನಾರ್. "ಈಗೀಗ ಚೆನ್ನಾಗೇ ನಗ್ತಾಳೆ."

"ಹಾಗಾದ್ರೆ ನಡಿ, ನಿನ್ನ ಹೆಂಡ್ತಿ ಕೈಯ ಕಾಫಿ ಕುಡಿಯೋಣ."

"ಅಲ್ಲಿಗೆ ಬೇಡ."

ಉಗಿಸ್ನಾನದ ಗುಡಿಸಲಲ್ಲಿ ಕೂತು ಇಬ್ಬರೂ ತಣ್ಣಗಿನ ಮಾಂಸದ ಕಡುಬು ತಿಂದರು. ಐನಾರ್‌ನ ಹಾಸಿಗೆ, ಬಟ್ಟೆ, ಗಡ್ಡ ಹೆರೆಯುವ ಕತ್ತಿ ಎಲ್ಲವೂ ಆ ಗುಡಿಸಲಿನಲ್ಲೇ ಇದ್ದವು. ತಾನೇ ಕಟ್ಟಿದ ಮನೆಯಿಂದ ಈ ಮನುಷ್ಯ ಹೊರಬಿದ್ದಿದ್ದಾನೆ ಎಂಬುದು ಆರ್ವಿಲ್‌ಗೆ ಅರ್ಥವಾಯಿತು.

"ಆ ಟ್ರಕ್ಕಿನವನು ಯಾರು?"

"ಗ್ಯಾರೆತ್ ಅಂತ. ಒಳ್ಳೇವ್ನು." ಐನಾರ್ ಕಡುಬನ್ನು ಅರ್ಧಕ್ಕೇ ಕೆಳಗಿಟ್ಟ. "ಕೆಟ್ಟವನಾಗಿದ್ರೆ ಸುಲಭ ಇತ್ತು ಕಣೋ."

ಆ ರಾತ್ರಿ ಆರ್ವಿಲ್ ಗುಡಿಸಲಲ್ಲೇ ಹಾಸಿಕೊಂಡು ಮಲಗಿದ.

ಬೆಳಿಗ್ಗೆ ಅವನು ಎದ್ದಾಗ ಗುಡಿಸಲು ಖಾಲಿ. ಬಂದೂಕೂ ಇಲ್ಲ. ಬೇಟೆಗಾರರು ಹಾಕಲೇಬೇಕಾದ ಕಿತ್ತಳೆ ಬಣ್ಣದ ಅಂಗಿ ಮಾತ್ರ ಗೂಟಕ್ಕೆ ನೇತಾಡುತ್ತಿತ್ತು. ಜಿಂಕೆಯ ಕಣ್ಣಿಗೆ ಕಿತ್ತಳೆ ಬಣ್ಣ ತಿಳಿಯುವುದಿಲ್ಲ. ತಿಳಿಯುವುದು ಮನುಷ್ಯರಿಗೆ.

ಆರ್ವಿಲ್ ನೋಯುವ ಮಂಡಿಯಲ್ಲೇ ಓಡಿದ. ಹಿಮದಲ್ಲಿ ಎರಡು ಸಲ ಬಿದ್ದ. ತೆವಳಿಕೊಂಡು ಮರೆಯೊಳಗೆ ನುಗ್ಗಿದಾಗ ಐನಾರ್ ಬಂದೂಕು ಎತ್ತಿ, ಅದರ ದುರ್ಬೀನಿಗೆ ಕಣ್ಣಿಟ್ಟಿದ್ದ. ಗುರಿಯಲ್ಲಿದ್ದದ್ದು ಅಡುಗೆಮನೆಯ ಕಿಟಕಿ. ಒಳಗೆ ಲೆಂಪಿ ನಗುತ್ತಿದ್ದಳು. ಮೂವತ್ತರ ಆಸುಪಾಸಿನ ಗಂಡಸೊಬ್ಬ ಅವಳ ಪಕ್ಕಕ್ಕೆ ಬಾಗಿದ್ದ.

ಆರ್ವಿಲ್ ನಳಿಗೆಯನ್ನು ಎರಡೂ ಕೈಯಿಂದ ಹಿಡಿದ. "ಬೇಡ ಕಣೋ. ಅವನನ್ನ ಕೊಂದು ನಿಂಗೇನು ಸಿಗುತ್ತೆ?"

ಐನಾರ್ ಕೊಸರಾಡಲಿಲ್ಲ. ಬಂದೂಕನ್ನು ಹಾಗೇ ಬಿಟ್ಟುಕೊಟ್ಟ. ಆರ್ವಿಲ್ ತೆರೆದು ನೋಡಿದ. ಒಳಗೆ ಗುಂಡೇ ಇರಲಿಲ್ಲ.

"ದುರ್ಬೀನಿಗೋಸ್ಕರ ತಂದಿದ್ದು," ಎಂದ ಐನಾರ್. "ದೂರದ್ದು ನಂಗೀಗ ಸರಿಯಾಗಿ ಕಾಣಲ್ಲ. ಆ ಹುಡುಗನ್ನ ಸಂಬಳ ಕೊಟ್ಟು ಕರ್ಕೊಂಡು ಬಂದಿದ್ದು ನಾನೇ."

"ಮತ್ತೆ ನೀನ್ಯಾಕೆ ಇಲ್ಲಿ—"

"ಅವಳು ಹೊರಗೆ ಬಂದ್ಲು. ಅಲ್ಲಾಡಬೇಡ."

ಅಡುಗೆಮನೆಯ ಬಾಗಿಲು ತೆರೆದಿತ್ತು. ಲೆಂಪಿ ಸೊರಗಿದ್ದಳು. ನೆರೆತ ಕೂದಲಿಗೆ ಯಾರೋ ಶಾಲೆಯ ಹುಡುಗಿಯಂತೆ ಎರಡು ಜಡೆ ಹೆಣೆದಿದ್ದರು. ಗ್ಯಾರೆತ್ ಮೆಟ್ಟಿಲ ಮೇಲೆ ಮಂಡಿಯೂರಿ, ಮಗುವಿಗೆ ಹಾಕುವಂತೆ ಅವಳ ಕೋಟಿನ ಗುಂಡಿ ಹಾಕಿದ. ಅವಳು ಅವನ ತೋಳನ್ನು ಬಿಗಿಯಾಗಿ ಹಿಡಿದು ಮರಗಳತ್ತ ನೋಡಿದಳು. ಮುಖದಲ್ಲಿದ್ದ ನಗು ಹೋಯಿತು. ಗಾಳಿ ಇರಲಿಲ್ಲ, ಮಾತು ಸ್ಪಷ್ಟವಾಗಿ ಕೇಳಿಸಿತು.

"ಐನಾರ್," ಎಂದಳು ಅವಳು, ಆ ಹುಡುಗನಿಗೆ. "ನಮ್ಮನೆಗೆ ನುಗ್ತಾ ಇದ್ನಲ್ಲ, ಆ ಮುದುಕ... ಇವತ್ತು ಬಂದಿಲ್ಲ ತಾನೇ?"