ಪಕ್ಕದ ಹಾಸಿಗೆಯ ತಾಯಿ

ಐದು ವರ್ಷದ ಇಂಚರಳಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದಾಗಿನಿಂದ ಮನೆಯವರೆಲ್ಲ ದೇವರಿಗೆ ದುಂಬಾಲು ಬಿದ್ದಿದ್ದರು. ಅಜ್ಜಿ ಕಟ್ಟಿದ ತಾಯಿತವನ್ನು ಆಸ್ಪತ್ರೆಯ ನರ್ಸ್ ಬಿಚ್ಚಿಸಿದರೆ ಅಪ್ಪ ಇನ್ನೊಂದು ತರುತ್ತಿದ್ದ. ತಾಯಿ ಸುಧಾಮಣಿ ಮಾತ್ರ ಸೋತುಹೋಗಿದ್ದಳು. ಮಗು ವಾಂತಿ ಮಾಡಿಕೊಳ್ಳುವಾಗ ಬೆನ್ನು ಸವರುವುದರ ಹೊರತು ಅವಳಿಗೆ ಬೇರೆ ಪೂಜೆ ಉಳಿದಿರಲಿಲ್ಲ.

ಪಕ್ಕದ ಹಾಸಿಗೆಯ ಹುಡುಗ ತೀರಿಕೊಂಡ ದಿನ ಅವಳು ಕೈಮುಗಿಯುವುದನ್ನೂ ಬಿಟ್ಟಳು. ಅವನ ತಾಯಿ ಮಾದೇವಿ ಸುಧಾಮಣಿಯೊಂದಿಗೆ ಒಂದೇ ಡಬ್ಬಿಯಲ್ಲಿ ಉಂಡವಳು.

ಕೆಲವು ತಿಂಗಳಾದ ಮೇಲೆ ಡಾಕ್ಟರು, "ಪರೀಕ್ಷೆಯಲ್ಲಿ ಈಗ ಕ್ಯಾನ್ಸರ್ ಕಾಣ್ತಿಲ್ಲ. ಔಷಧಿ ಮುಂದುವರಿಸೋಣ," ಎಂದರು. ಗಂಡ ಗೋಡೆಗೊರಗಿ ಅತ್ತುಬಿಟ್ಟ. ಸುಧಾಮಣಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

ಮುಂದಿನ ವಾರ ವಾರ್ಡಿನ ಬಾಗಿಲಲ್ಲಿ ಮಾದೇವಿ ಬಂದು ನಿಂತಳು. ತನ್ನ ಮಗು ಉಳಿದದ್ದೇ ತಪ್ಪೇನೋ ಎಂಬಂತೆ ಸುಧಾಮಣಿ ತಲೆ ತಗ್ಗಿಸಿದಳು.

"ಕೂಸು ಹುಷಾರಾಯ್ತಂತಲ್ಲ. ನರ್ಸಮ್ಮ ಫೋನಲ್ಲಿ ಹೇಳುದ್ರು."

"ಹೂಂ ಅಕ್ಕ."

ಮಲಗಿದ್ದ ಇಂಚರಳ ಕೆನ್ನೆ ಮುಟ್ಟಲು ಬಾಗಿದಾಗ ಮಾದೇವಿ ಹೊದ್ದಿದ್ದ ಸೆರಗು ಜಾರಿತು. ಮೊಣಕಾಲು ಮುಟ್ಟುವಂತಿದ್ದ ಅವಳ ಜಡೆ ಇರಲಿಲ್ಲ. ತಲೆ ನುಣ್ಣಗೆ ಬೋಳಾಗಿತ್ತು.

"ಇದೇನಕ್ಕ ಇದು?"

"ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದೆ."

ಸುಧಾಮಣಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಮಗನ್ನ ಉಳಿಸದ ದೇವರಿಗೆ ಮುಡಿ ಬೇರೆ ಕೊಟ್ಯಾ?"

ಮಾದೇವಿ ಸೆರಗನ್ನು ಮತ್ತೆ ತಲೆಯ ಮೇಲೆಳೆದುಕೊಂಡಳು.

"ಎರಡು ಮಕ್ಕಳಿಗೂ ಸೇರ್ಸಿ ಹರಕೆ ಹೊತ್ತಿದ್ದೆ ಕಣವ್ವ. ನಿನ್ ಕೂಸು ಉಳೀತಲ್ಲ."