ಡಬ್ಬಿಯಲ್ಲಿದ್ದ ಕಾಡತೂಸು

ಶಿವಯೋಗೆಪ್ಪ ಟ್ರಂಕು ತೆರೆದು ನೋಡಿದರೆ ಕಾಡತೂಸಿನ ಡಬ್ಬಿ ಇರಲಿಲ್ಲ. ಬಿಜಾಪುರದ ರೈಫಲ್ ಪಂದ್ಯ ಮರುದಿನವೇ ಇತ್ತು.

"ನಮ್ಮಣ್ಣ ಒಯ್ದ," ಎಂದಳು ಹೆಂಡತಿ ಕಾಳವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಅವನೂ ಪಂದ್ಯಕ್ಕ ಹೆಸರ ಕೊಟ್ಟಾನ. ಬಂದೂಕ ಐತಿ, ಚಲೋ ಗುಂಡಿಲ್ಲ ಅಂದ. ಕೊಟ್ನಿ. ನೀವು ಮತ್ತ ಮಾಡ್ಕೊಳ್ರಿ."

ಮತ್ತೆ ಮಾಡಿಕೊಳ್ಳಲು ಅದೇನು ರೊಟ್ಟಿಯೇ? ಲಡಾಯಿ ಮುಗಿಸಿ ತನ್ನೂರು ಉಮದಿಗೆ ಮರಳಿದ ಮೇಲೆ ಶಿವಯೋಗೆಪ್ಪ ಹೊಲ ನೋಡಿದ್ದಕ್ಕಿಂತ ಹಿತ್ತಾಳೆ ಕಾಡತೂಸುಗಳ ಬಾಯೊಳಗೆ ನೋಡಿದ್ದೇ ಹೆಚ್ಚು. ಹಾರಿಸಿ ಖಾಲಿಯಾದದ್ದನ್ನು ಹುಣಸೆ ನೀರಲ್ಲಿ ತಿಕ್ಕಬೇಕು, ಬಾಯಿ ಸಮ ಮಾಡಬೇಕು, ಅಕ್ಕಸಾಲಿಗರ ತಕ್ಕಡಿಯಲ್ಲಿ ಮದ್ದು ತೂಗಿ ತುಂಬಬೇಕು, ಹೊಲದ ಒಡ್ಡಿಗೆ ಕಾಗದ ನಿಲ್ಲಿಸಿ ಹೊಡೆದು ನೋಡಬೇಕು. ಗುಂಡು ಚೆದುರಿತೋ, ಮತ್ತೆ ಮೊದಲಿನಿಂದ. ವರ್ಷವಿಡೀ ತಿಣುಕಿ ಹದ ಸಿಗುವ ಹೊತ್ತಿಗೆ ಮದ್ದೇ ಮುಗಿದಿತ್ತು. ಉಳಿದದ್ದು ಆ ಒಂದು ಡಬ್ಬಿ.

"ಅವು ನನ್ನ ಬಂದೂಕಿನಾಗ ಹಾರಿ, ಅದರ ಅಳತಿಗೆ ಉಬ್ಬಿದ ಕಾಡತೂಸ. ಬ್ಯಾರೆ ಬಂದೂಕಿನಾಗ ಕುಂದ್ರೂದಿಲ್ಲ."

"ಬಂದೂಕಿಗೂ ಜಾತಿ ಐತೇನ್ರಿ?" ಎಂದಳು ಕಾಳವ್ವ.

ಮರುದಿನ ಡಬ್ಬಿ ಕೇಳಿ ಇಸಿದುಕೊಳ್ಳೋಣವೆಂದು ಶಿವಯೋಗೆಪ್ಪ ಬಂದೂಕು ಹೆಗಲಿಗೇರಿಸಿ ಬಿಜಾಪುರಕ್ಕೆ ಹೋದ. ಅಣ್ಣನ ಪರಾಕ್ರಮ ನೋಡಲು ಕಾಳವ್ವನೂ ಹೊರಟಳು. ಆ ಅಣ್ಣ, ಶೇಂಗಾ ವ್ಯಾಪಾರಿ ಗುರುಲಿಂಗಪ್ಪ, ಜರಿ ರುಮಾಲು ಸುತ್ತಿಕೊಂಡು ಮೊದಲೇ ಬಂದು ಕೂತಿದ್ದ. "ಕೊಟ್ಟದ್ದ ತಿರುಗಿ ಕೇಳಿದರ ನನ್ನ ತಂಗಿ ಮರ್ಯಾದಿ ಏನ ಉಳೀತು, ಭಾವ?" ಎಂದು ಡಬ್ಬಿಯನ್ನು ಕೋಟಿನೊಳಗೆ ಸೇರಿಸಿದ.

ಅವನ ಸರದಿ ಬಂತು. ಕಾಡತೂಸು ಒಳಗೆ ಅರ್ಧ ಹೋಗಿ ಕಚ್ಚಿಕೊಂಡಿತು. ಬೋಲ್ಟ್ ಮುಚ್ಚಲಿಲ್ಲ. ಗುರುಲಿಂಗಪ್ಪ ಅಂಗೈಯಿಂದ ಗುದ್ದಿದ, ಮೊಳಕಾಲು ಕೊಟ್ಟು ಒತ್ತಿದ, ಕಾಡತೂಸಿನ ತಾಯಿಯನ್ನೂ ನೆನೆದ. ಕಡೆಗೆ ಕಿತ್ತು ಹೊರತೆಗೆದು ಇನ್ನೊಂದನ್ನು ತುರುಕಿದ. ಅದೂ ಕಚ್ಚಿಕೊಂಡಿತು. ಸುತ್ತಲಿದ್ದವರು ನಗತೊಡಗಿದರು. ಶಿವಯೋಗೆಪ್ಪನಿಗೆ ಹೊಟ್ಟೆ ತಣ್ಣಗಾಯಿತು. ಇನ್ನು ಕೊಡದೆ ಎಲ್ಲಿ ಹೋಗುತ್ತಾನೆ ಎಂದು ಹತ್ತಿರ ಹೋಗಿ ಕೈ ಚಾಚಿದ.

ಗುರುಲಿಂಗಪ್ಪ ಆ ಕೈಯನ್ನು ನೋಡಲೇ ಇಲ್ಲ. ಶಿವಯೋಗೆಪ್ಪನ ಹೆಗಲ ಮೇಲಿದ್ದ ಬಂದೂಕನ್ನೇ ಇಳಿಸಿಕೊಂಡ. "ಇದನ್ನ ಮೊದಲ ಕೊಟ್ಟಿದ್ದರ ಏನಾಗತಿತ್ತು, ಭಾವ?"

ಪಂದ್ಯ ನೋಡಲು ಬಂದಿದ್ದ ಕಲೆಕ್ಟರ್ ಸಾಹೇಬರ ಎದುರು ಹೆಂಡತಿಯ ಅಣ್ಣನೊಡನೆ ಜಗ್ಗಾಡುವುದು ಹೇಗೆ? ಕದ್ದು ಮೊಲ ಹೊಡೆದು ಪಳಗಿದ ಕೈ ಗುರುಲಿಂಗಪ್ಪನದು. ಎರಡು ಗುಂಡು ಅಂದಾಜಿಗೆ, ಐದು ಪಂದ್ಯಕ್ಕೆ. ಡಬ್ಬಿ ಬರಿದಾಯಿತು. ಅವನ ಕೊರಳಿಗೆ ಹಾರ ಬಿತ್ತು, ಕೈಗೆ ಬೆಳ್ಳಿಯ ಕಪ್ ಬಂತು. ಎಲ್ಲ ಕಣ್ಣಿನ ಕೆಲಸ ಎಂದು ಅವನು ಭಾಷಣವನ್ನೂ ಮಾಡಿದ. ಹೆಂಗಸರ ನಡುವೆ ಕಾಳವ್ವ ಬೀಗುತ್ತ ಕೂತಿದ್ದಳು.

ಸಂಜೆ ಉಮದಿಯ ಬಸ್ಸಿನಲ್ಲಿ ಅವಳು ಗಂಡನ ಕೈಯಲ್ಲಿದ್ದ ಸುರುಳಿ ನೋಡಿ, "ಅದೇನ್ರಿ?" ಎಂದಳು.

"ಗುರಿಯ ಕಾಗದ. ಬೇಡಿ ತಂದೆ."

ಬಿಡಿಸಿದ. ಐದು ಗುಂಡುಗಳೂ ಒಂದರೊಳಗೊಂದು ಸೇರಿ ಒಂದೇ ತೂತಾಗಿತ್ತು. ಬೆಳಗಿನಿಂದ ನುಂಗಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ. ಶಿವಯೋಗೆಪ್ಪ ಅದರ ಅಂಚನ್ನು ಬೆರಳಿನಿಂದ ಸವರಿದ, ಕಾಗದವನ್ನು ಮುಖಕ್ಕೆ ಹಿಡಿದು ತೂತಿಗೆ ಒಂದು ಕಣ್ಣಿಟ್ಟ. ಎದುರು ಸೀಟಿನಲ್ಲಿ ಗುರುಲಿಂಗಪ್ಪ ಕಪ್ ತಬ್ಬಿಕೊಂಡು, ಬಾಯಿ ತೆರೆದು ನಿದ್ದೆ ಹೋಗಿದ್ದ.

"ಏನ್ ನೋಡಾಕತ್ತೀರಿ?"

"ನಿಮ್ಮಣ್ಣನ್ನ," ಎಂದ ಶಿವಯೋಗೆಪ್ಪ, ಕಣ್ಣು ತೆಗೆಯದೆ. "ಇದರಾಗಿಂದ ನೋಡಿದರ ಭಾಳ ಚಲೋ ಕಾಣತಾನ."