ಹಿಮದಡಿಯ ಬಸ್ಸು

ಕಲಬುರಗಿಯಲ್ಲಿ ಹಿಮ ಬೀಳತೊಡಗಿ ಹನ್ನೊಂದು ವರ್ಷವಾಗಿತ್ತು. ಆ ಬೆಳಿಗ್ಗೆಯೂ ಬಾಗಿಲು ಹೂತುಹೋಗಿದ್ದರಿಂದ ಹೆರಿಗೆ ವಾರ್ಡಿನ ನರ್ಸ್ ಮಹಾನಂದಾ ಎಂದಿನಂತೆ ಮಾಳಿಗೆಯಿಂದಲೇ ಬೀದಿಗೆ ಕಾಲಿಟ್ಟು, ಬಸ್ ಸ್ಟಾಪಿನಲ್ಲಿದ್ದ ಹಿಮದ ದಿಬ್ಬದ ಮೇಲೆ ಕೂತಳು. ಒಂದು ಗಂಟೆ ಕಾದರೂ ಬಸ್ಸಿನ ಸುಳಿವಿಲ್ಲ.

ಅಷ್ಟರಲ್ಲಿ ಅವಳ ಕೆಳಗಿನಿಂದಲೇ ಹಾರನ್ ಕೇಳಿಸಿತು. ಗಾಬರಿಯಿಂದ ಹಿಮ ಕೆದಕಿದರೆ ಬಸ್ಸಿನ ಛಾವಣಿಯ ಕಿಂಡಿ ಸಿಕ್ಕಿತು. ಅದರಿಂದ ಕಂಡಕ್ಟರ್ ತಲೆ ಹೊರಹಾಕಿದ.

"ಅಕ್ಕಾರ, ನಸುಕಿನಾಗ ಬಂದು ಇಲ್ಲೇ ಹೂತುಹೋಗೀವ್ರಿ. ಒಳಗ ಬಸುರಿ ಹೆಣ್ಮಗಳಿಗಿ ಬ್ಯಾನಿ ಹತ್ಯಾವ. ನಿಮಗ ಗೊತ್ತಿದ್ದ ನರ್ಸ್ ಯಾರರ ಅದಾರೇನ್ರಿ?"

ಮಹಾನಂದಾ ಸೆರಗು ಸಿಕ್ಕಿಸಿಕೊಂಡು ಕಿಂಡಿಯೊಳಗೆ ಇಳಿದಳು. ಮುಕ್ಕಾಲು ಗಂಟೆಯಲ್ಲಿ ಹಿಂದಿನ ಸೀಟಿನಿಂದ ಹೆಣ್ಣುಮಗುವಿನ ಅಳು ಕೇಳಿಸಿತು. ಕೈ ಒರೆಸಿಕೊಳ್ಳುವಾಗ ಆಸ್ಪತ್ರೆಯಿಂದ ಡಾಕ್ಟರರ ಫೋನು ಬಂತು.

"ಮಹಾನಂದಾ, ಇವತ್ತ ಡ್ಯೂಟಿಗಿ ಬರ್ತೀರೋ ಇಲ್ಲೋ?"

"ಡ್ಯೂಟಿ ಆತ್ರೀ ಸರ," ಎಂದಳು ಅವಳು. "ಬಸ್ಸೇ ಇನ್ನಾ ಹೊಂಟಿಲ್ಲ."